ಗುದ್ದಿದ ಉಳ್ಳಾಗಡ್ಡಿ

ಅಪ್ಪ ಉಳ್ಳಾಗಡ್ಡಿಯನ್ನು ಹೆಚ್ಚಿಸಿಕೊಂಡು ಉಂಡವನಲ್ಲ. ತಾಟಿನ ಪಕ್ಕದ ಹಾಸುಗಲ್ಲಿನ ಮೇಲೆ ಇಡೀ ಗಡ್ಡೆ ಇಟ್ಟು, ಮುಷ್ಟಿ ಬಿಗಿದು ಗುದ್ದುತ್ತಿದ್ದ. ಅದು ಸಿಡಿದು, ಒಂದು ಹೋಳು ಅಡುಗೆಮನೆಯ ಹೊಸ್ತಿಲತನಕ ಉರುಳಿಹೋಗುತ್ತಿತ್ತು. ನಮ್ಮ ಕಡೆ ಗಂಡಸರು ರೊಟ್ಟಿಯ ಜೊತೆ ಹಾಗೆಯೇ ತಿನ್ನುವುದು. ಚೂರಿ ತಾಗಿದರೆ ರುಚಿ ಕೆಡುತ್ತದೆ ಎನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಆ ಸದ್ದಿಗೆ ಬೇರೆಯೇ ಅರ್ಥವಿತ್ತು. ಒಂದೇ ಏಟಿಗೆ ಒಡೆದರೆ ಆ ದಿನ ಸುಖವಾಗಿ ಉಂಡು ಏಳಬಹುದು. ಒಡೆದ ಮೇಲೂ ಗುದ್ದುತ್ತಲೇ ಇದ್ದನೆಂದರೆ ನಾನು ಪಾಟಿಚೀಲ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಈರುಳ್ಳಿ ಎಂದು ಬರೆಯಬಹುದಿತ್ತು, ಪುಸ್ತಕಗಳಲ್ಲಿ ಹಾಗೆಯೇ ಬರೆಯುತ್ತಾರೆ. ಆದರೆ ಈರುಳ್ಳಿ ಎಂದರೆ ನನಗೆ ಏನೂ ಆಗುವುದಿಲ್ಲ. ಉಳ್ಳಾಗಡ್ಡಿ ಎಂದರೆ ಈ ವಯಸ್ಸಿನಲ್ಲೂ ಹೆಗಲು ಬಿಗಿಯುತ್ತದೆ.

ಬ್ಯಾಡಗಿಯಲ್ಲಿ ನಮ್ಮದು ಪೇಟೆಗೆ ಹತ್ತಿರದ ಓಣಿ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತಿತ್ತು. ಪರವೂರಿನ ಬೀಗರು ಬಂದರೆ ಕಣ್ಣೊರೆಸಿಕೊಳ್ಳುತ್ತಲೇ ಚಹಾ ಕುಡಿಯುತ್ತಿದ್ದರು. ಅಪ್ಪ ಪೇಟೆಯಲ್ಲಿ ಹಮಾಲರ ಮುಖಂಡ. ಸಂಜೆ ಮನೆಗೆ ಬರುವಾಗ ರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ಅವನ ಅಂಗಿ ನೆನೆಹಾಕಿದ ನೀರಿಗೆ ಕೈ ಹಾಕಿದರೆ ಉರಿಯುತ್ತದೆಂದು ಅವ್ವ ಕೋಲಿನಿಂದ ತಿರುವುತ್ತಿದ್ದಳು. ಪೇಟೆಯಲ್ಲಿ ತನ್ನ ಮಗನ ಮುಂದೆ ಯಾರೂ ಉಸಿರೆತ್ತುವುದಿಲ್ಲ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಹೆಮ್ಮೆಯಿಂದ ಹೇಳುತ್ತಿದ್ದಳು. ಮನೆಯಲ್ಲಂತೂ ಉಸಿರೆತ್ತುವ ಮಾತೇ ಇರಲಿಲ್ಲ. ಮೊದಲು ಅಪ್ಪ ಉಣ್ಣುತ್ತಿದ್ದ. ಅವನ ಎಡಮಗ್ಗುಲಿಗೆ ಕೂತು ಅವನ ನಾಯಿ ಉಣ್ಣುತ್ತಿತ್ತು. ಆಮೇಲೆ ಅಜ್ಜಿ, ಆಮೇಲೆ ನಾನು. ಅವ್ವ ಎಲ್ಲರದೂ ಮುಗಿದ ಮೇಲೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಳಿದದ್ದನ್ನು ಉಣ್ಣುತ್ತಿದ್ದಳು, ಉಳಿಯದ ದಿನ ನೀರು ಕುಡಿದು ಏಳುತ್ತಿದ್ದಳು. ನಾಯಿಗೆ ಊಟ ಉಳಿಯದ ದಿನ ಎಂಬುದು ನನಗೆ ನೆನಪಿಲ್ಲ.

ನಾಯಿಯ ಹೆಸರು ಸರ್ದಾರ. ಕೆಂಚು ಮೈ, ಅಗಲ ಎದೆ. ಕದರಮಂಡಲಗಿ ಕಡೆಯ ಕುರಿಗಾರರಿಂದ ಅಪ್ಪ ಅದನ್ನು ಮರಿಯಿದ್ದಾಗಲೇ ತಂದಿದ್ದ. ಅವನು ನನ್ನನ್ನು ಎತ್ತಿಕೊಂಡದ್ದು ನನಗೆ ನೆನಪಿಲ್ಲ, ಆ ಮರಿಯನ್ನು ಎತ್ತಿಕೊಂಡು ಓಣಿ ತಿರುಗಿದ್ದು ನೆನಪಿದೆ. ಮೊದಲ ಸಲ ಉಳ್ಳಾಗಡ್ಡಿಯ ಹೋಳು ಕೊಟ್ಟಾಗ ಅದು ಮೂಸಿ ಮುಖ ತಿರುಗಿಸಿತು. ಅಪ್ಪ ಬಿಡಲಿಲ್ಲ. ತೊಡೆಗಳ ನಡುವೆ ಒತ್ತಿ ಹಿಡಿದು, ದವಡೆ ಅಗಲಿಸಿ, ಸಾರಿನಲ್ಲಿ ಅದ್ದಿದ ರೊಟ್ಟಿಯಲ್ಲಿ ಸುತ್ತಿ ಒಳಗೆ ತುರುಕಿ, ನುಂಗುವತನಕ ಮೂತಿ ಬಿಗಿಹಿಡಿದ. ತಾನು ಉಂಡದ್ದನ್ನೇ ತನ್ನ ನಾಯಿ ಉಣ್ಣಬೇಕು, ಆಗಲೇ ಅದಕ್ಕೆ ತನ್ನ ಗತ್ತು ಬರುತ್ತದೆ ಎಂಬುದು ಅವನ ವಾದ. ಕೆಲವೇ ದಿನಗಳಲ್ಲಿ ಸರ್ದಾರ ಕಲಿಯಿತು. ಆ ಮನೆಯಲ್ಲಿ ನಾವೆಲ್ಲರೂ ಕಲಿತದ್ದು ಹಾಗೆಯೇ. ಈಗ ರಾಣೆಬೆನ್ನೂರಿನಲ್ಲಿ ಮಗಳ ಮನೆಗೆ ಹೋದರೆ, ಮೊಮ್ಮಗಳು ತನ್ನ ನಾಯಿಗೆ ಊಟ ಹಾಕುವ ಮೊದಲು ಫೋನು ನೋಡಿ ನನಗೆ ಪಾಠ ಹೇಳುತ್ತಾಳೆ. ಅನ್ನ ಹಾಕಬಹುದು, ಗಜ್ಜರಿ ಹಾಕಬಹುದು, ಬೇಯಿಸಿದ ತತ್ತಿ ಹಾಕಬಹುದು. ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ, ದ್ರಾಕ್ಷಿ ಬೇಡ, ಚಾಕಲೇಟು ಬೇಡ, ಬೇಯಿಸಿದ ಕೋಳಿಯ ಎಲುಬಂತೂ ಬೇಡವೇ ಬೇಡ. ತನ್ನ ಈ ಅಜ್ಜಿಗೆ ಇದೇನೂ ಗೊತ್ತಿಲ್ಲ ಎಂದುಕೊಂಡಿದ್ದಾಳೆ, ಪಾಪ. ನಾನು ಹೂಂಗುಟ್ಟುತ್ತ ಕೂತಿರುತ್ತೇನೆ.

ನಾಯಿ ಅಪ್ಪನದು, ಕೋಳಿಗಳು ಅವ್ವನವು. ಆ ಮನೆಯಲ್ಲಿ ಅವ್ವನ ಮಾತು ಕೇಳುವ ಜೀವಗಳೆಂದರೆ ಅವಿಷ್ಟೇ. ಪೇಟೆಯಿಂದ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ಉದುರಿದ ಬೀಜವನ್ನು ಮೊರಕ್ಕೆ ಗುಡಿಸಿ ಹಿತ್ತಲಿಗೆ ಚೆಲ್ಲಿದರೆ ಅವು ಓಡಿಬಂದು ಹೆಕ್ಕುತ್ತಿದ್ದವು. ನಮ್ಮ ಕಣ್ಣು ಮೂಗಲ್ಲಿ ನೀರು, ಅವಕ್ಕೆ ಏನೂ ಇಲ್ಲ. ಖಾರ ಕೋಳಿಗೆ ಹತ್ತುವುದೇ ಇಲ್ಲ. ಸುಗ್ಗಿಯ ದಿನಗಳಲ್ಲಿ ತತ್ತಿ ಒಡೆದರೆ ಒಳಗಿನ ಹಳದಿ ಕುಂಕುಮದ ಕಡೆಗೆ ತಿರುಗಿರುತ್ತಿತ್ತು. ಖಾರ ಆಗುತ್ತದೆ, ಉಪ್ಪು ಆಗುವುದಿಲ್ಲ. ಒಂದು ಸಲ ಅಜ್ಜಿ ಉಪ್ಪಿನಕಾಯಿಯ ಜಾಡಿ ತೊಳೆದ ನೀರನ್ನು ಹಿತ್ತಲಲ್ಲೇ ಚೆಲ್ಲಿದ್ದಕ್ಕೆ ಮರಿಗಳು ನೀರು ಕುಡಿದು ಕುಡಿದೇ ಸತ್ತಿದ್ದವು. ಅಂದಿನಿಂದ ಅವ್ವ ಅಂಥ ನೀರನ್ನು ಓಣಿಯ ಗಟಾರದತನಕ ಹೊತ್ತುಕೊಂಡು ಹೋಗುತ್ತಿದ್ದಳು. ಬೂಸರು ಹಿಡಿದ ಶೇಂಗಾ, ಹಸಿರು ತಿರುಗಿದ ಬಟಾಟೆಯ ಸಿಪ್ಪೆ, ಬೇಯಿಸದ ಒಣ ಕಾಳು, ಚಹಾದ ಚರಟ, ಇವು ಯಾವುವೂ ಅವಳ ಕೋಳಿಗಳ ಬಾಯಿಗೆ ಹೋಗುತ್ತಿರಲಿಲ್ಲ. ಕಲ್ಲಂಗಡಿಯ ಸಿಪ್ಪೆ, ಕುಂಬಳದ ತಿರುಳು, ನೆನೆಸಿದ ರೊಟ್ಟಿಚೂರು, ನುಚ್ಚು, ಇವು ಹೋಗುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ಯಾವುದು ಏನು ತಿಂದು ಗರಿ ಕೆದರಿಕೊಂಡು ಮೂಲೆ ಸೇರಿತು ಎಂದು ನೋಡುತ್ತಿದ್ದಳು, ನೋಡಿದ್ದನ್ನು ಮರೆಯುತ್ತಿರಲಿಲ್ಲ.

ಹಾಗೆ ನೋಡುವ ಕಣ್ಣಿಗೆ ಸರ್ದಾರನೂ ಬಿತ್ತು. ಬಾಡೂಟ ಮಾಡಿ ಉಳ್ಳಾಗಡ್ಡಿ ಹೆಚ್ಚು ಹಾಕಿದ ಮರುದಿನವೆಲ್ಲ ಅದು ಬಾಗಿಲ ಬದಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಲ್ಯ ಬಡಿಸಲು ಬಂದವಳು, ನೆಲ ನೋಡುತ್ತಲೇ ಹೇಳಿದಳು:

“ಅದಕ್ಕ ಉಳ್ಳಾಗಡ್ಡಿ ಹಾಕಬ್ಯಾಡ್ರಿ. ತಿಂದ ಮರುದಿನ ಅದು ಏಳಂಗಿಲ್ಲ.”

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

“ನಾಯಿಗೆ ಏನ್ ಹಾಕಬೇಕಂತ ಈಗ ನೀ ಹೇಳತೀ?”

ಅವನು ಅರಚಲಿಲ್ಲ. ಬಡಿಸಲು ಚಾಚಿದ್ದ ಅವಳ ಕೈಯ ಮಣಿಕಟ್ಟು ಹಿಡಿದ. ಎಳೆದು, ಉಳ್ಳಾಗಡ್ಡಿ ಇಡುವ ಜಾಗದಲ್ಲಿಯೇ ಆ ಕೈಯನ್ನು ಬೋರಲಾಗಿ ಹಾಸುಗಲ್ಲಿಗೆ ಒತ್ತಿ, ಬಲಮುಷ್ಟಿಯಿಂದ ಗುದ್ದಿದ. ಸದ್ದು ಉಳ್ಳಾಗಡ್ಡಿಯದೇ ಸದ್ದು. ಅವ್ವನ ಬಾಯಿಂದ ಗಾಳಿ ಹೊರಟಿತೇ ಹೊರತು ದನಿ ಹೊರಡಲಿಲ್ಲ. ಪಲ್ಯದ ಪಾತ್ರೆ ಮಗುಚಿತು, ಸರ್ದಾರ ಎದ್ದು ಅದನ್ನು ನೆಕ್ಕಿತು. ಅಜ್ಜಿ ಸೊಸೆಯ ಕಡೆ ನೋಡದೆ, ಪಲ್ಯ ಹಾಳಾಯಿತಲ್ಲ ಎಂದಳು. ಎಲುಬು ಕೂಡಿಸುವವರ ಹತ್ತಿರ ಹೋಗಲು ಅಪ್ಪ ಬಿಡಲಿಲ್ಲ. ಅವ್ವ ಅರಿಷಿಣ ಹಚ್ಚಿ ಹಳೆಯ ಸೀರೆಯ ಚೂರು ಸುತ್ತಿಕೊಂಡು, ಆ ಸಂಜೆಯೂ ಒಂದೇ ಕೈಯಲ್ಲಿ ರೊಟ್ಟಿ ಬಡಿದಳು. ಕಿರುಬೆರಳೂ ಉಂಗುರದ ಬೆರಳೂ ಬಾಗಿದಂತೆಯೇ ಕೂಡಿಕೊಂಡವು. ಅಪ್ಪ ಸಾಯಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅಂದೇ ಮೊದಲು. ಅದಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ. ಅವ್ವ ಮತ್ತೆ ನಾಯಿಯ ಮಾತು ಎತ್ತಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಸರ್ದಾರ ಇಳಿದುಹೋಯಿತು. ಪಡಸಾಲೆಯ ಮೆಟ್ಟಿಲು ಹತ್ತಲಾರದು. ವಸಡು ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಶಕ್ತಿ ಬರಲೆಂದು ಅಪ್ಪ ಸಾರು, ರೊಟ್ಟಿ, ಉಳ್ಳಾಗಡ್ಡಿ ಎಲ್ಲ ಕಲಸಿ ಇನ್ನೂ ಹೆಚ್ಚು ತಿನ್ನಿಸಿದ. ಒಂದು ಬೆಳಿಗ್ಗೆ ಅದು ತಲೆ ಎತ್ತದೆ ಬಿದ್ದಿರುವುದನ್ನು ಕಂಡು ಅಜ್ಜಿ, ಇದಕ್ಕೆ ಯಾರೋ ಮದ್ದು ಹಾಕಿದ್ದಾರೆ ಎಂದಳು. ನಮ್ಮಲ್ಲಿ ಮದ್ದು ಎಂದರೆ ಔಷಧವೂ ಹೌದು, ಅನ್ನದಲ್ಲಿ ಕಲಸಿ ಗುಟ್ಟಾಗಿ ತಿನ್ನಿಸುವ ವಿಷವೂ ಹೌದು. ಆ ಎರಡನೆಯ ಮದ್ದನ್ನು ಯಾರೂ ಕಣ್ಣಿಂದ ಕಂಡಿಲ್ಲ, ಆದರೆ ಅದನ್ನು ಹಾಕುವವಳು ಮಾತ್ರ ಪ್ರತಿ ಓಣಿಯಲ್ಲೂ ಒಬ್ಬಳಿರುತ್ತಾಳೆ. ಒಲೆ ಯಾರ ಕೈಯಲ್ಲಿದೆಯೋ ಅವಳ ಮೇಲೆಯೇ ಆ ಅಪವಾದ ಬರುವುದು. ಹೊರಗಿನವರು ಯಾಕೆ ಹಾಕುತ್ತಾರೆ, ಮನೆಯೊಳಗಿನ ಕೈಯೇ ಇರಬೇಕು, ಬೆರಳು ಮುರಿದ ಸಿಟ್ಟು ಇದ್ದೇ ಇರುತ್ತದಲ್ಲ ಎಂದು ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಹೇಳಿದಳು.

ಅಪ್ಪ ಅವ್ವನ ತುರುಬು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ನಾಯಿ ಅರ್ಧ ಉಂಡು ಬಿಟ್ಟ ಪರಾತ, ಅಗಲ ಬಾಯಿಯ ತಟ್ಟೆ, ಅಲ್ಲಿತ್ತು. ಸಾರಿನಲ್ಲಿ ನೆನೆದ ರೊಟ್ಟಿ, ಉಳ್ಳಾಗಡ್ಡಿ, ಮೇಲೆ ನಾಯಿಯ ಜೊಲ್ಲು. ಪಕ್ಕದ ಮನೆಯ ಮಾಬೂಬಿ ಗೋಡೆಯ ಮೇಲಿಂದ ನೋಡಿ, ಬಿಡಿರಿ ಎಂದು ಕೂಗಿದಳು. ಅಪ್ಪ ಅವ್ವನ ಮುಖವನ್ನು ಪರಾತದೊಳಗೆ ಅದುಮಿದ.

“ಹಾಕಿಲ್ಲಂದ್ರ ತಿನ್ನು. ನನ್ನ ಕಣ್ಮುಂದ ತಿನ್ನು.”

“ಬಿಡ್ರಿ. ನಾನಽ ತಿಂತೀನಿ.”

ಅವ್ವ ಮೂಗಿನ ರಕ್ತ ಸೆರಗಿಗೆ ಒರೆಸಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತಳು. ಪರಾತವನ್ನು ಮುಂದಕ್ಕೆ ಎಳೆದುಕೊಂಡು ಬಾಗಿದ ಬೆರಳುಗಳಿಂದ ತುತ್ತು ಕಟ್ಟಿ ತಿಂದಳು. ಅವಸರವಿಲ್ಲ, ಅಳುವಿಲ್ಲ. ಪೂರಾ ತಿಂದು, ಪರಾತ ತೊಳೆದು, ಗೋಡೆಗೆ ಬೋರಲು ಹಾಕಿದಳು. ಅಪ್ಪ ಅವಳು ಬೀಳುವುದನ್ನು ಕಾಯುತ್ತ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತ. ಅವಳು ಬೀಳಲಿಲ್ಲ, ಕೋಳಿಗಳಿಗೆ ನುಚ್ಚು ಚೆಲ್ಲಿದಳು. ಇನ್ನಾದರೂ ಮುಗಿಯಿತು ಎಂದುಕೊಂಡೆ ನಾನು. ಆದರೆ ಅಜ್ಜಿಯ ಬಳಿ ಅದಕ್ಕೂ ಉತ್ತರವಿತ್ತು: ಮದ್ದು ಹಾಕಿದವಳಿಗೆ ಮದ್ದು ಹತ್ತುವುದಿಲ್ಲವಂತೆ. ತಿಂದು ಸತ್ತರೆ ವಿಷ ಹಾಕಿದ್ದು ಖರೆ, ತಿಂದು ಬದುಕಿದರೆ ಇನ್ನೂ ಖರೆ.

ಆಮೇಲೆ ಅಪ್ಪ ಸರ್ದಾರನನ್ನು ಗೋಣಿಚೀಲದ ಮೇಲೆ ಮಲಗಿಸಿ, ಪೇಟೆಯ ಒಂದು ಟೆಂಪೋದಲ್ಲಿ ದನದ ದವಾಖಾನೆಗೆ ಒಯ್ದ. ಅದರ ತಲೆ ಹಿಡಿದುಕೊಂಡು ಕೂರಲು ನನ್ನನ್ನು ಕರೆದೊಯ್ದ. ಡಾಕ್ಟರು ತುಟಿ ಎತ್ತಿ ವಸಡು ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಏನು ಹಾಕುತ್ತೀರಿ ಎಂದು ಕೇಳಿದರು. ತಾನು ಉಣ್ಣುವುದನ್ನೇ ಹಾಕುತ್ತೇನೆ, ಹುಲಿಯ ಹಾಗೆ ಬೆಳೆಸಿದ್ದೇನೆ ಎಂದ ಅಪ್ಪ. ಉಳ್ಳಾಗಡ್ಡಿ ಹಾಕುತ್ತೀರಾ ಎಂದರು. ದಿನಾ ಎರಡೂ ಹೊತ್ತು ಎಂದ. ಡಾಕ್ಟರು ಕೈ ತೊಳೆಯುತ್ತ ಹೇಳಿದರು:

“ಅದಽ ಕೊಲ್ಲಾಕತ್ತೈತಿ ಇದನ್ನ. ಮನಷಾರಿಗೆ ಏನೂ ಆಗಂಗಿಲ್ಲ, ನಾಯಿಗೆ ಅದು ವಿಷ. ಮೈಯಾಗಿನ ರಕ್ತ ಒಡದು ನೀರಾಗಿ ಹೋಗೈತಿ.”

“ನಾ ದಿನಾ ತಿಂತೀನಿ. ನಾ ಸತ್ತೇನೇನ್ರಿ?”

“ನೀವು ನಾಯಿ ಅಲ್ಲಲ್ರಿ, ಯಜಮಾನ್ರ.”

ಅಲ್ಲಿ ಎಮ್ಮೆ ಹಿಡಿದುಕೊಂಡು ಬಂದಿದ್ದವರು ನಕ್ಕರು. ಅಪ್ಪನ ಮುಖ ನೋಡಿ ನಾನು ನಾಯಿಯ ಕಿವಿ ಬಿಗಿಹಿಡಿದೆ. ಡಾಕ್ಟರು ಸೂಜಿ ಚುಚ್ಚಿದರು, ಹೆಚ್ಚು ಭರವಸೆ ಇಲ್ಲ ಎಂದರು. ಟೆಂಪೋ ನಮ್ಮ ಓಣಿಯ ತಿರುವಿಗೆ ಬರುವಷ್ಟರಲ್ಲಿ ಸರ್ದಾರ ನನ್ನ ತೊಡೆಯ ಮೇಲೆ ಕಾಲು ಸೆಟೆದು ಪ್ರಾಣ ಬಿಟ್ಟಿತು. ಅಪ್ಪ ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೂ ನನಗೆ ಕರುಣೆ ಬರಲಿಲ್ಲ, ಈಗ ಅವ್ವ ಬಚಾವಾದಳು ಎಂಬ ಸಂತೋಷ ಬಂತು. ಅಂಗಳದಲ್ಲಿ ಜನ ಸೇರಿದ್ದರು. ಮದ್ದೇ ತಗುಲಿದ್ದಲ್ಲವೇ ಎಂದು ಅಜ್ಜಿ ಕೇಳಿದಳು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾನೇ ಎಲ್ಲರಿಗೂ ಕೇಳುವಂತೆ ಹೇಳಿದೆ:

“ಮದ್ದಲ್ಲ. ಉಳ್ಳಾಗಡ್ಡಿ ತಿಂದು ಸತ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಅಪ್ಪನಽ ಹಾಕಿದ್ದು.”

ಏಟು ಎಲ್ಲಿಂದ ಬಂತೆಂದು ಕಾಣಲಿಲ್ಲ. ಎಡಗಿವಿಯಲ್ಲಿ ಏನೋ ಹರಿದಂತಾಗಿ, ನಾನು ಕಟ್ಟೆಗೆ ಬಡಿದು ಬಿದ್ದೆ. ಆ ಕಿವಿ ಇಂದಿಗೂ ಅರ್ಧವೇ ಕೇಳಿಸುತ್ತದೆ. ಉಳ್ಳಾಗಡ್ಡಿ ತಿಂದು ಸತ್ತ ನಾಯಿಯನ್ನು ಯಾರು ಕಂಡಿದ್ದಾರೆ ಎಂದು ಓಣಿಯವರೇ ನಕ್ಕರು. ಚಿಕ್ಕ ಹುಡುಗಿ, ತಾಯಿಯ ಪರ ಸುಳ್ಳು ಹೇಳುತ್ತಿದೆ ಎಂದರು. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಅಪ್ಪನಿಗೆ ತನ್ನ ಮೇಲೆಯೇ ಬಂದ ಸಿಟ್ಟು ಕೋಳಿಗಳ ಮೇಲೆ ತಿರುಗಿತು. ಅವುಗಳ ಕೊಳಕಿನಿಂದಲೇ ರೋಗ ಬಂತೆನ್ನುತ್ತ ಹಿತ್ತಲಿಗೆ ನುಗ್ಗಿ, ಸಿಕ್ಕಸಿಕ್ಕದ್ದರ ಕೊರಳು ತಿರುವಿ ಒಗೆದ. ಕಾವಿಗೆ ಕೂತಿದ್ದ ಹೇಂಟೆಯನ್ನು ಕಾಲು ಹಿಡಿದು ಒಗೆಯುವ ಕಲ್ಲಿಗೆ ಬಡಿದ, ಅದರ ಅಡಿಯ ತತ್ತಿಗಳನ್ನು ತುಳಿದ. ಗರಿ ಹಾರಿ ತೊಟ್ಟಿಯ ನೀರಿನ ಮೇಲೆಲ್ಲ ತೇಲಿದವು. ಅವ್ವ ಅಡ್ಡ ಬಂದಳು. ಅವಳ ಹೊಟ್ಟೆಗೆ ಒದ್ದ. ಅವಳು ಮಣ್ಣಲ್ಲಿ ಕೂತೇ ಇದ್ದಳು. ಕೊನೆಯ ಕೋಳಿಯನ್ನು ಅವಳ ಮಡಿಲಿಗೆ ಎಸೆದು, ಸಂಜೆಗೆ ಸಾರು ಮಾಡು ಎಂದು ಹೇಳಿ ನಾಯಿಯನ್ನು ಹೂಳಲು ಹೋದ.

ಅವ್ವ ಸಾರು ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಅವನು ಮೈತೊಳೆದು ಬಂದು ಕೂತ. ಅವಳು ತಾಟು ಇಟ್ಟು, ಎಂದಿನಂತೆ ಹಿಂದೆ ಸರಿದು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಳು. ಅಪ್ಪ ತುತ್ತು ಕಟ್ಟಿದವನು ಬಾಯಿಗೆ ಒಯ್ಯಲಿಲ್ಲ. ತುತ್ತನ್ನು ನೋಡಿದ. ಅವ್ವನನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ನಾನು ಕಂಡಂತೆ ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟದ್ದು ಅಂದೇ. ಎಡಮಗ್ಗುಲಿಗೆ ಇಕ್ಕಿ ನೋಡೋಣವೆಂದರೆ ನಾಯಿಯೂ ಇರಲಿಲ್ಲ. ಅಪ್ಪ ತಾಟನ್ನು ಮುಂದಕ್ಕೆ ತಳ್ಳಿದ.

“ಮೊದಲ ನೀ ಉಣ್ಣು.”

ಹೀಗೆ ಅವ್ವ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವವಳಾದಳು. ತನ್ನ ಕೋಳಿಗಳ ಸಾರಿನ ಆ ತುತ್ತು ಹೇಗೆ ಇಳಿಯಿತೋ ನಾನು ಕೇಳಿಲ್ಲ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಒಂದು ವಾರದಲ್ಲಿ ಅಜ್ಜಿಯೂ, ಸೊಸೆ ಉಣ್ಣದೆ ತಾನು ಮುಟ್ಟುವುದಿಲ್ಲ ಎಂದಳು. ಅಪ್ಪನ ಕೈ ಏಳುವುದೂ ನಿಂತಿತು. ಒಮ್ಮೆ ಎದ್ದಿತ್ತು, ನಾನೇ ನೋಡಿದ್ದೇನೆ. ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಯ ಕಡೆ ಅವನ ಕಣ್ಣು ಹೋಯಿತು, ಕೈ ಇಳಿಯಿತು. ಹೆಂಡತಿಯನ್ನು ಹೊಡೆಯುವವನು ದಿನಕ್ಕೆ ಎರಡು ಸಲ ಅವಳ ಕೈಯಿಂದಲೇ ಉಣ್ಣಬೇಕು ಎಂಬುದು ಅವನಿಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ. ನನ್ನ ಕಿವಿಯ ನೋವಿಗಿಂತ ದೊಡ್ಡದಾಗಿ ನನ್ನನ್ನು ಸುಡುತ್ತಿದ್ದದ್ದು ಓಣಿಯ ಮಾತು. ಅವ್ವ ಬಾವಿಗೆ ಹೋದರೆ ಹೆಂಗಸರು ಕೊಡ ಮುಚ್ಚುತ್ತಿದ್ದರು. ಮದುವೆ ಮನೆಗೆ ರೊಟ್ಟಿ ಬಡಿಯಲು ಕರೆಯುತ್ತಿರಲಿಲ್ಲ. ಮಾಬೂಬಿ ಒಬ್ಬಳೇ ಎಲ್ಲರ ಎದುರು ನಮ್ಮ ಕಟ್ಟೆಗೆ ಬಂದು ಅವ್ವ ಮಾಡಿದ ಪಲ್ಯ ಕೇಳಿ ಇಸಿದುಕೊಂಡು ತಿನ್ನುತ್ತಿದ್ದಳು, ಎರಡು ಹೇಂಟೆ ಮರಿಗಳನ್ನೂ ಕೊಟ್ಟಳು. ನನಗೆ ವಯಸ್ಸು ಬಂದಾಗ ರಾಣೆಬೆನ್ನೂರಿನಿಂದ ನೋಡಲು ಬಂದವರು, ಮದ್ದು ಹಾಕುವವಳ ಮಗಳು ಬೇಡ ಎಂದು ಚಹಾ ಮುಟ್ಟದೆ ಎದ್ದುಹೋದರು. ಅಂದು ನಾನು ಹುಚ್ಚೆದ್ದು ಕೂಗಾಡಿದೆ. ದನದ ದವಾಖಾನೆಗೆ ಹೋಗಿ ಆ ಡಾಕ್ಟರರನ್ನೇ ಕರೆತಂದು ಓಣಿಯ ನಡುವೆ ನಿಲ್ಲಿಸುತ್ತೇನೆ, ನಿನ್ನ ಹೆಸರು ತೊಳೆಯುತ್ತೇನೆ ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

“ಸುಮ್ಮನಿರು. ಮದ್ದು ಹಾಕಾಕಿ ಅಂತನ ತಿಳಕೊಳ್ಳಲಿ. ನನ್ನ ಹೆಸರು ತೊಳೆದ ದಿನ ನಿಮ್ಮಪ್ಪನ ಕೈ ಮತ್ತ ಏಳತೈತಿ.”

ಅವಳ ಮಾನ ಅವಳದು. ಅದನ್ನು ಕೊಟ್ಟು ಅವಳು ಏಟಿಲ್ಲದ ದಿನಗಳನ್ನು ಪಡೆದಿದ್ದಳು. ಮುಂದೆ ಹಾವೇರಿಯ ಮಂದಿ ಯಾವ ಓಣಿಯ ಮಾತೂ ಕೇಳದೆ ನನ್ನನ್ನು ಒಪ್ಪಿದರು, ನಾನು ಮದುವೆಯಾಗಿ ಅಲ್ಲಿಗೆ ಹೋದೆ. ಅಜ್ಜಿ ತೀರಿಕೊಂಡಳು. ಅಪ್ಪನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ನೋಡಲು ಹೋದಾಗ ಅವನು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿದ್ದ. ಗುದ್ದುವ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವ್ವ ಒಳಗೆ ಒಂದು ತುತ್ತು ತಿಂದು, ಮೆತ್ತಗೆ ಕಲಸಿದ ಅನ್ನದ ತಾಟನ್ನು ನನ್ನ ಕೈಗೆ ಕೊಟ್ಟಳು. ಅವಳು ತಿಂದಳೇ ಎಂದು ಅವನು ಕಣ್ಣಲ್ಲೇ ಕೇಳಿದ. ನಾನು ತಾಟು ಕೊಡದೆ ಹಿಡಿದುಕೊಂಡೇ ಹೇಳಿದೆ.

“ಅಪ್ಪಾ, ಅವ್ವ ಅವತ್ತ ಏನೂ ಹಾಕಿರಲಿಲ್ಲ. ನಿನ್ನ ಎದರಿಗೇ ಡಾಕ್ಟರ್ ಹೇಳಿದ್ರು.”

“ಗೊತ್ತೈತಿ.”

ಮಾತು ತೊದಲುತ್ತಿತ್ತು, ಆದರೆ ಸ್ಪಷ್ಟವಾಗಿಯೇ ಕೇಳಿಸಿತು. ಗೊತ್ತಿದ್ದೂ ಇಷ್ಟು ವರ್ಷ ಮೊದಲ ತುತ್ತು ಅವಳಿಗೇ ಯಾಕೆ ತಿನ್ನಿಸಿದೆ ಎಂದು ಕೇಳಿದೆ. ಅವನು ಹೊದಿಕೆಯ ಮೇಲೆ ಬಿದ್ದಿದ್ದ ತನ್ನ ಕೈಯ ಕಡೆ ನೋಡಿದ.

“ಅವತ್ತ ಹಾಕಿರಲಿಲ್ಲ. ಮುಂದ ಹಾಕೂವಷ್ಟು ನಾ ಮಾಡಿದ್ದೆ.”

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯಲಿಲ್ಲ. ಬಂದು ನನ್ನ ಕೈಯಿಂದ ತಾಟು ತೆಗೆದುಕೊಂಡು ಮಂಚದ ಬದಿಗೆ ಕೂತಳು. ಅಪ್ಪ ಆಡುವ ಕೈಯನ್ನು ಎತ್ತಿ, ಇನ್ನು ನೀನು ಮೊದಲು ಉಣ್ಣುವುದು ಬೇಡ ಎಂದು ತೊದಲಿ, ಬಾಯಿ ತೆರೆದ. ಅವ್ವ ತುತ್ತು ಕಟ್ಟಿದಳು. ಕಟ್ಟಿ ತಾನೇ ಉಂಡಳು. ಇನ್ನೊಂದು ಕಟ್ಟಿದಳು, ಅದನ್ನೂ ಉಂಡಳು.

“ಅದಕ್ಕಲ್ಲರಿ,” ಎಂದಳು. “ನನಗ ಹಸಿವಾಗೇತಿ.”

ತಾಟು ಅರ್ಧ ಖಾಲಿಯಾಗುವತನಕ ಅಪ್ಪ ಬಾಯಿ ತೆರೆದುಕೊಂಡೇ ಕಾಯ್ದ.